ವಿಭೂತಿ ನುಂಗಿದ ಮಷೀನು

ಮಾಣಿಕಮ್ಮನ ಮನೆಯಲ್ಲಿ ಧೂಳಿದೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಬಸವಕಲ್ಯಾಣದ ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ದೀಪ ಹಚ್ಚುವ ಮುನ್ನ ಇನ್ನೊಮ್ಮೆ ಸೆರಗು ಸೊಂಟಕ್ಕೆ ಬಿಗಿದು ಆಕೆ ಪೊರಕೆ ಹಿಡಿದಳೆಂದರೆ, ಪಡಸಾಲೆಯಲ್ಲಿ ಕೂತವರು ತಾವಾಗಿಯೇ ಕಾಲು ಮೇಲೆತ್ತಿಕೊಳ್ಳುತ್ತಿದ್ದರು. ಅಂಥಾಕೆಗೆ ಹುಮನಾಬಾದಿನ ಬೀಗತಿ ಪಾರ್ವತಿಬಾಯಿ, ಚಹಾದ ಕಪ್ಪು ಕೈಗಿಟ್ಟು, ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಳು.

"ನಿಮ್ಮ ಮನಿ ಧೂಳ ನನ್ನ ಮಗಳ ಜೀವಾ ತಗೋತದರಿ ಬೀಗತೇರ. ನಾ ಕಳಸಂಗಿಲ್ಲ."

ಮಾಣಿಕಮ್ಮ ಅಲ್ಲಿಗೆ ಹೋದದ್ದು ಸೊಸೆ ಲಲಿತಾಬಾಯಿಯನ್ನು ಕರೆತರಲಿಕ್ಕೆ. ಹೆರಿಗೆಗೆಂದು ತವರಿಗೆ ಹೋದ ಲಲಿತಾಳ ಮಡಿಲಲ್ಲಿ ಈಗ ಐದು ತಿಂಗಳ ಹೆಣ್ಣುಕೂಸು ಇತ್ತು. ಅಜ್ಜಿ ತಂದ ಕುಲಾಯಿ ತಲೆಗೇರಿಸಿಕೊಂಡು ಅದು ಪಿಳಿಪಿಳಿ ನೋಡುತ್ತಿತ್ತು. ಆದರೆ ಲಲಿತಾಳಿಗೆ ದಮ್ಮಿನ ರೋಗ. ಮದುವೆಯಾಗಿ ಬಂದ ಎರಡನೇ ವರ್ಷಕ್ಕೇ ಶುರುವಾಗಿತ್ತು. ಮಾಣಿಕಮ್ಮನ ಮಗ ವೈಜನಾಥ ತೊಗರಿಯ ವ್ಯಾಪಾರಿ. ಚೀಲಗಳೆಲ್ಲ ಮನೆಯ ಪಡಸಾಲೆಯಲ್ಲೇ ಬೀಳುತ್ತಿದ್ದವು. ತವರಿಗೆ ಹೋದ ಮೇಲೆ ಒಂದು ದಿನವೂ ಉಬ್ಬಸ ಬಂದಿಲ್ಲ ಎಂದು ಪಾರ್ವತಿಬಾಯಿ ಲೆಕ್ಕ ಒಪ್ಪಿಸಿದಳು. "ಧೂಳ ಹೋತು ಅಂತ ಹೇಳಿ ಕಳಸ್ರಿ, ನಾನೇ ಬಂದು ನೋಡ್ತೀನಿ. ಬರೋಬರ್ ಕಂಡ್ರ ಬಿಟ್ಟು ಬರ್ತೀನಿ, ಇಲ್ಲಂದ್ರ ವಾಪಸ್ ಕರಕೊಂಡು ಬರ್ತೀನಿ."

ವಾಪಸು ಬರುವಾಗ ಬಸ್ಸು ರಾಜೇಶ್ವರ ದಾಟುವವರೆಗೂ ಮಾಣಿಕಮ್ಮ ಒಳಗೊಳಗೇ ಬೀಗತಿಯನ್ನು ಬೈದಳು. ಬೈಗುಳ ಮುಗಿದ ಮೇಲೆ ಬೇಡವೆಂದರೂ ಒಂದು ನೆನಪು ಬಂತು. ತಾನು ಪೊರಕೆ ಹಿಡಿದಾಗಲೆಲ್ಲ ಲಲಿತಾ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಕೆಲಸಗಳ್ಳಿ ಎಂದುಕೊಂಡಿದ್ದಳು ಮಾಣಿಕಮ್ಮ. ಒಮ್ಮೆ ಕೇಳಿಸುವಂತೆ ಅಂದೂ ಬಿಟ್ಟಿದ್ದಳು. ಧೂಳನ್ನು ಎಬ್ಬಿಸಿ ಆ ಹುಡುಗಿಯ ಎದೆಗೆ ತುಂಬಿದ್ದು ತನ್ನದೇ ಕೈಯ ಪೊರಕೆ ಎಂಬುದು ಹೊಳೆದಾಗ ಆಕೆಗೆ ಕುಳಿತ ಸೀಟು ಚುಚ್ಚತೊಡಗಿತು. ಮನೆ ಮುಟ್ಟಿದವಳೇ ಮಗನಿಗೆ ಹೇಳಿದಳು. "ಏನರೆ ಮಾಡು ವೈಜನಾಥ. ಕೂಸು ಈ ಮನ್ಯಾಗ ಆಡಬೇಕು."

ವೈಜನಾಥ ಚೀಲಗಳನ್ನು ಪೇಟೆಯ ಗೋದಾಮಿಗೆ ಸಾಗಿಸಿದ. ಆದರೆ ವರ್ಷಾನುಗಟ್ಟಲೆ ಕೂತ ಹೊಟ್ಟಿನ ಪುಡಿ ಸುಮ್ಮನೆ ಹೋಗುತ್ತದೆಯೆ? ತೊಲೆಗಳ ಮೇಲೆ, ಗೋಡೆಯ ಮಾಡಗಳಲ್ಲಿ, ಜಮಖಾನೆಯ ಎಳೆ ಎಳೆಯಲ್ಲಿ ಅದು ಮನೆಮಾಡಿಕೊಂಡಿತ್ತು. ತೊಗರಿಯ ಸಲುವಾಗಿ ಹೈದರಾಬಾದಿಗೆ ಹೋದವನು ಬರುವಾಗ ಒಂದು ಮಷೀನು ತಂದ. ಮೊಳದುದ್ದದ ಕೆಂಪು ಡಬ್ಬಿ, ಮುಂದೆ ಮೂತಿ, ಹಿಂದೆ ಬಟ್ಟೆಯ ಚೀಲ, ಬಾಲದಂತೆ ಉದ್ದನೆಯ ಕರಿ ವಾಯರು. ಪಡಸಾಲೆಯ ಪ್ಲಗ್ಗಿಗೆ ಸಿಗಿಸಿ ಗುಂಡಿ ಒತ್ತಿದರೆ ಓಣಿಗೆಲ್ಲ ಕೇಳುವಂತೆ ಒದರುತ್ತಿತ್ತು, ಆದರೆ ಧೂಳನ್ನು ಎಬ್ಬಿಸದೆ ನುಂಗುತ್ತಿತ್ತು.

"ಇಷ್ಟ ನೆನಪಿಡವ್ವಾ," ಎಂದ ವೈಜನಾಥ. "ವಾರಕ್ಕೊಮ್ಮಿ ಚೀಲ ಬಿಚ್ಚಿ ತಿಪ್ಪ್ಯಾಗ ಝಾಡಿಸಬೇಕು."

ಮೊದಲ ದಿನ ಮಾಣಿಕಮ್ಮ ಅದನ್ನು ಹಾವು ಹಿಡಿದಂತೆ ಹಿಡಿದಳು. ನಾಲ್ಕನೇ ದಿನಕ್ಕೆ ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ವಾಯರು ಹಾಯುವಷ್ಟು ದೂರ, ದಾವಣಿಗೆ ಕಟ್ಟಿದ ಎಮ್ಮೆಯಂತೆ, ಮನೆಯೆಲ್ಲ ಸುತ್ತುವುದು. ಕರೆಂಟು ಹೋದರೆ ಕರೆಂಟಿನವರಿಗೆ ಶಾಪ ಹಾಕುತ್ತ ಕಾಯುವುದು. ತೊಲೆಯ ಮೇಲೆ ಬೆರಳಾಡಿಸಿದರೆ ಬೆರಳು ಬೆರಳಿನ ಬಣ್ಣದಲ್ಲೇ ಉಳಿಯತೊಡಗಿತು. ಆಕೆಗಾದ ಖುಷಿ ಅಷ್ಟಿಷ್ಟಲ್ಲ.

ಆ ಹುಮ್ಮಸ್ಸಿನಲ್ಲೇ ಎಡವಟ್ಟಾಯಿತು. ಒಂದು ಸೋಮವಾರ ದೇವರ ಮಾಡದ ಮೂಲೆಗೆ ಮಷೀನಿನ ಮೂತಿ ಹಿಡಿದಳು. ಕಣ್ಣು ಮಿಟುಕಿಸುವುದರೊಳಗೆ ತಟ್ಟೆಯಲ್ಲಿದ್ದ ವಿಭೂತಿಯ ಪುಡಿಯಷ್ಟೂ ಸುಯ್ ಎಂದು ಒಳಗೆ ಹೋಯಿತು. ಮಾಣಿಕಮ್ಮ ಗಲ್ಲ ಗಲ್ಲ ಬಡಿದುಕೊಂಡಳು. ದಿನಾ ಹಣೆಗೆ ಧರಿಸುವ ವಿಭೂತಿ, ನೆಲಕ್ಕೆ ಒಂದು ಚಿಟಿಕೆ ಬಿದ್ದರೂ ಬೆರಳಿನಿಂದ ಒತ್ತಿ ಹಣೆಗೆ ಹಚ್ಚಿಕೊಳ್ಳುವ ವಿಭೂತಿ, ಈಗ ಕಸದ ಜೊತೆ ಚೀಲದಲ್ಲಿ! ಅದನ್ನು ತಿಪ್ಪೆಗೆ ಒಗೆಯುವುದೆ? ಕೋಳಿ ಕೆದರಿ, ದನ ತುಳಿದು... ಶಿವ ಶಿವಾ!

ಹಾಗಾಗಿ ಚೀಲ ಬಿಚ್ಚಲೇ ಇಲ್ಲ. ಮಗ ಕೇಳಿದಾಗಲೆಲ್ಲ "ಖಾಲಿ ಮಾಡೀನಪ್ಪಾ" ಎಂದಳು. ವಿಭೂತಿ ಹೊತ್ತ ಮಷೀನಿಗೆ ಮರ್ಯಾದೆ ಬೇಡವೆ? ನೆಲಕ್ಕಿಡುವುದು ಬಿಟ್ಟು ಮಣೆಯ ಮೇಲಿಟ್ಟಳು. ಡಬ್ಬಿಯ ನೆತ್ತಿಗೆ ಮೂರು ಬೆರಳು ವಿಭೂತಿಯನ್ನೂ ಎಳೆದಳು. ಇಷ್ಟೆಲ್ಲ ಮಾಡಿದರೂ ಅದು ದಿನದಿಂದ ದಿನಕ್ಕೆ ಸೊರಗಿತು. ಒದರುವುದು ಹೆಚ್ಚಾಯಿತು, ಎಳೆಯುವುದು ಕಮ್ಮಿಯಾಯಿತು. "ಹಟಾ ಮಾಡಬ್ಯಾಡಪಾ, ಸೊಸಿ ಬಂದು ಮುಟ್ಟೋತನಕಾದ್ರೂ ನಡಿ," ಎಂದು ಅದರ ಬೆನ್ನು ಸವರಿದಳು.

ಧೂಳು ಹೋಯಿತೆಂದು ಹೇಳಿ ಕಳಿಸಿದ ಮೇಲೆ ಪಾರ್ವತಿಬಾಯಿ ಮಗಳು, ಮೊಮ್ಮಗಳೊಂದಿಗೆ ಹುಮನಾಬಾದ್ ಬಸ್ಸಿಳಿದು ಬಂದದ್ದು ಒಂದು ಮುಂಜಾನೆ. ವೈಜನಾಥ ಅಂಗಡಿಯಲ್ಲಿದ್ದ. ಚಪ್ಪಲಿ ಬಿಟ್ಟವಳೇ ಪಾರ್ವತಿಬಾಯಿ ಮಾಡದಲ್ಲಿ ಬೆರಳಾಡಿಸಿದಳು, ಜಮಖಾನೆಯ ಅಂಚೆತ್ತಿ ನೋಡಿದಳು. ತಕರಾರು ಸಿಗದೆ ಆಕೆಯ ಮುಖ ಸಡಿಲಾಯಿತು. ಅಷ್ಟಕ್ಕೇ ಸುಮ್ಮನಿದ್ದರೆ ಮಾಣಿಕಮ್ಮ ಗೆದ್ದೇಬಿಟ್ಟಿದ್ದಳು. ಆದರೆ ಹೊಸ ಮಷೀನು ತೋರಿಸದೆ ಸುಮ್ಮನಿರುವ ಜೀವ ಅದಲ್ಲ.

"ನೋಡ್ರಿ ಬೀಗತೇರ, ಹ್ಯಾಂಗ ನುಂಗ್ತದ!" ಎಂದು ಗುಂಡಿ ಒತ್ತಿದಳು.

ಮಷೀನು ಗೊರಗೊರ ಎಂದಿತು. ಸುಟ್ಟ ವಾಸನೆ ಬಂತು. ಉಬ್ಬಿ ಬಿರಿಯುವಂತಿದ್ದ ಚೀಲದ ಹೊಲಿಗೆ ಫಟ್ ಎಂದು ಒಡೆದು, ತಿಂಗಳುಗಟ್ಟಲೆ ನುಂಗಿದ್ದರಲ್ಲಿ ಅರ್ಧ ಪಡಸಾಲೆಯ ತುಂಬ ಎದ್ದಿತು. ಲಲಿತಾ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದಳು. ಪಾರ್ವತಿಬಾಯಿ ಕೂಸನ್ನು ಎದೆಗವಚಿಕೊಂಡು ಹಿಂದೆಯೇ ಓಡಿದಳು. ಪ್ಲಗ್ಗು ಕಿತ್ತು, ಹರಿದ ಚೀಲವನ್ನು ಬಿಚ್ಚಿ ಎರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಂಡು ಮಾಣಿಕಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಎಲ್ಲಾ ಹೋಯಿತು, ತನ್ನ ಕೈಯಿಂದಲೇ ಹೋಯಿತು ಎಂದುಕೊಂಡಳು.

ಲಲಿತಾ ಬಾವಿಕಟ್ಟೆ ಹಿಡಿದು ನಿಧಾನ ಉಸಿರೆಳೆದಳು. ಕೆಮ್ಮಿದಳು. ಮತ್ತೆ ಉಸಿರೆಳೆದಳು. ಉಬ್ಬಸ ಬರಲಿಲ್ಲ.

"ನಡಿ, ಮುಂದಿನ ಬಸ್ಸಿಗೇ ಹೋಗಮು," ಎಂದಳು ಪಾರ್ವತಿಬಾಯಿ.

"ತಡಿ ಅವ್ವಾ," ಎಂದು ಲಲಿತಾ ಅತ್ತೆಯ ಕೈಯಲ್ಲಿದ್ದುದನ್ನು ನೋಡಿದಳು. "ಅತ್ತೇರ, ಈ ಚೀಲ ಯಾವಾಗ ಖಾಲಿ ಮಾಡೀರಿ?"

ಮಾಣಿಕಮ್ಮ ತಲೆ ತಗ್ಗಿಸಿದಳು. "ಮಾಡೇ ಇಲ್ಲವ್ವಾ. ಇದರಾಗ ವಿಭೂತಿ ಅದ. ತಪ್ಪಿ ಎಳಕೊಂತು. ತಿಪ್ಪಿಗಿ ಹ್ಯಾಂಗ ಒಗೀಲಿ?"

ಪಾರ್ವತಿಬಾಯಿ ಚೀಲವನ್ನೇ ದಿಟ್ಟಿಸಿದಳು. ಆಕೆಯೂ ದಿನಾ ಹಣೆತುಂಬ ವಿಭೂತಿ ಹಚ್ಚುವವಳೇ.

"ಖರೇ ಹೇಳ್ತೀರಿ?"

"ಆ ವಿಭೂತಿ ಆಣಿ."

ಪಾರ್ವತಿಬಾಯಿ ಕೂಸನ್ನು ಮಗಳ ಕೈಗೆ ಕೊಟ್ಟು, ಬಾವಿಕಟ್ಟೆಯ ಮೇಲೆ ಬೋರಲು ಹಾಕಿದ್ದ ತಾಟನ್ನು ತಂದು ಚೀಲದ ಕೆಳಗೆ ಹಿಡಿದಳು, ಒಂದು ಕಣವೂ ನೆಲಕ್ಕೆ ಬೀಳಬಾರದೆಂದು. "ನನ್ನ ಕೈಲೂ ಒಗಿಯೋದು ಆಗ್ತಿರಲಿಲ್ಲರಿ," ಎಂದಳು. ಬೀಗತಿಯ ದನಿಯಲ್ಲಿ ಅಷ್ಟು ಮೆತ್ತಗಿನ ಮಾತನ್ನು ಮಾಣಿಕಮ್ಮ ಕೇಳಿದ್ದು ಅದೇ ಮೊದಲು.

ಇಬ್ಬರೂ ದೊಡ್ಡವರು ಈಗ ಒಂದೇ ಫಿಕರಿಗೆ ಬಿದ್ದರು: ಇದನ್ನು ಹಾಕುವುದೆಲ್ಲಿ? ಕೆರೆ ಎಂದಳು ಒಬ್ಬಳು, ದೂರವಾಯಿತು ಎಂದಳು ಇನ್ನೊಬ್ಬಳು. ಲಲಿತಾ ನಗುತ್ತ ಹಿತ್ತಲ ಮೂಲೆಯ ಪತ್ರಿ ಗಿಡ ತೋರಿಸಿದಳು. "ಅದರ ಸುತ್ತ ಕಟ್ಟಿ ಅದ, ಯಾರೂ ತುಳಿಯಂಗಿಲ್ಲ. ಶಿವನ ಗಿಡಕ್ಕ ಶಿವನ ವಿಭೂತಿ."

ಬೀಗತಿಯರಿಬ್ಬರೂ ಮೂಗು ಮುಚ್ಚಿಕೊಂಡು ಪತ್ರಿ ಗಿಡದ ಬುಡಕ್ಕೆ ಚೀಲ ಝಾಡಿಸಿ ನೀರು ಸುರಿದರು. ಹೊಲಿಗೆ ಹಾಕಿದವಳು ಪಾರ್ವತಿಬಾಯಿಯೇ. ತಣ್ಣಗಾದ ಮಷೀನಿಗೆ ಚೀಲ ಕಟ್ಟಿ ಗುಂಡಿ ಒತ್ತಿದರೆ, ಹೈದರಾಬಾದಿನಿಂದ ಬಂದ ದಿನದಂತೆಯೇ ಎಳೆಯತೊಡಗಿತು. ಪಡಸಾಲೆಯನ್ನು ಪೂರ್ತಿ ನುಂಗಿಸುವವರೆಗೆ ಪಾರ್ವತಿಬಾಯಿ ಅದನ್ನು ಯಾರಿಗೂ ಕೊಡಲಿಲ್ಲ.

ಊಟ ಮುಗಿಸಿ ಆಕೆ ಒಬ್ಬಳೇ ಹೊರಟಳು. ಹೊಸ್ತಿಲಲ್ಲಿ ನಿಂತು, "ಸೋಮವಾರಕ್ಕೊಮ್ಮಿ ಪತ್ರಿ ಗಿಡಕ್ಕ ಝಾಡಿಸ್ರಿ, ಮರೀಬ್ಯಾಡ್ರಿ," ಎಂದಳು.

ಮಧ್ಯಾಹ್ನ ಮಾಣಿಕಮ್ಮನ ಕೈ ರೂಢಿಯಂತೆ ಮೂಲೆಯ ಪೊರಕೆಗೆ ಹೋಯಿತು. ತೊಟ್ಟಿಲಲ್ಲಿ ಕೂಸು, ಅದರ ಪಕ್ಕ ಚಾಪೆಯ ಮೇಲೆ ಲಲಿತಾ ನಿದ್ದೆ ಹೋಗಿದ್ದರು. ಮಾಣಿಕಮ್ಮ ಬಗ್ಗಿ ಕಿವಿಗೊಟ್ಟಳು. ಸೊಸೆಯ ಎದೆಯಲ್ಲಿ ಆ ಹಳೆಯ ಸೀಟಿಯ ಸದ್ದು ಇರಲಿಲ್ಲ. ತಾಯಿ ಮಗಳಿಬ್ಬರ ಉಸಿರೂ ಒಂದೇ ಸಮ ನಡೆದಿತ್ತು. ಆಕೆ ಪೊರಕೆಯನ್ನು ಸದ್ದಾಗದಂತೆ ತಿರುಗಿ ಮೂಲೆಗಿಟ್ಟು, ಬಂದು ತೊಟ್ಟಿಲ ಹಗ್ಗ ಹಿಡಿದು ಕೂತಳು.