ಅಂಚಿಲ್ಲದ ಕಪ್ಪು

ನಾನು ಒಂದು ಸ್ಕ್ಯಾನ್ ಯಂತ್ರದ ಪ್ರೋಬ್, ಬಸುರಿಯರ ಹೊಟ್ಟೆಯ ಮೇಲೆ ಆಡಿಸುವ ಹಿಡಿಕೆ. ಅಂಗೈಯಲ್ಲಿ ಹಿಡಿಯುವಷ್ಟೇ ಇದ್ದೇನೆ. ನನ್ನ ಹಣೆಯೊಳಗೆ ಸಣ್ಣ ಹರಳುಗಳನ್ನು ಸಾಲಾಗಿ ಕೂರಿಸಿದ ದಿನದಿಂದ ನನಗೆ ಒಂದೇ ಕೆಲಸ: ಯಾರ ಕಿವಿಗೂ ಕೇಳದ ಶಬ್ದವನ್ನು ಹೊಟ್ಟೆಯೊಳಗೆ ಕಳುಹಿಸುವುದು, ಮರಳಿ ಬಂದದ್ದರಿಂದ ಒಳಗೇನಿದೆಯೆಂದು ಊಹಿಸುವುದು. ಹಾಗಾಗಿ ಸಂಶಯ ನನ್ನ ಹುಟ್ಟುಗುಣ. ಜನರಿಗೂ ನನ್ನ ಮೇಲೆ ಸಂಶಯವೇ, ಹೊಟ್ಟೆಯಲ್ಲಿರುವುದು ಹೆಣ್ಣೆಂಬ ಗುಟ್ಟು ಬಿಟ್ಟುಕೊಟ್ಟೇನೆಂದು. ಧಾರವಾಡದಿಂದ ಬೆಟಗೇರಿಯ ಸಣ್ಣ ಆಸ್ಪತ್ರೆಗೆ ನಮ್ಮನ್ನು ಸಾಗಿಸುವಾಗ ಅಧಿಕಾರಿಗಳು ಯಂತ್ರಕ್ಕೆ ಮುದ್ರೆ ಒತ್ತಿದ್ದರು. ಇಲ್ಲಿ ಗಂಡು-ಹೆಣ್ಣು ಹೇಳುವುದಿಲ್ಲ ಎಂಬ ಫಲಕ ನಮಗಿಂತ ಮೊದಲೇ ಗೋಡೆಯೇರಿತ್ತು.

ಅಲ್ಲಿಗೆ ಸುವರ್ಣಾ ಬಂದಳು. ನೇಕಾರರ ಮನೆಯ ಸೊಸೆ, ಏಳು ವಾರದ ಬಸುರಿ. ರಕ್ತ ಕಾಣಿಸಿಕೊಂಡಿತ್ತು. ಇಲ್ಲಿನ ಡಾಕ್ಟರ್ ಸರೋಜಿನಿ ರಜೆಯಲ್ಲಿದ್ದರು. ಬದಲಿಗೆ ಬಂದ ವೈದ್ಯರಿಗೆ ಅವಸರ. ನಾನು ಎರಡು ಕಪ್ಪು ಜಾಗ ತೋರಿಸಿದೆ. ಕೂಸಿನ ಚೀಲದ ನೀರಿರಲಿ, ರಕ್ತವಿರಲಿ, ನನಗೆ ಎರಡೂ ಕಪ್ಪೇ.

"ಅವಳಿ ಇದ್ದಂಗೈತಿ" ಎಂದುಬಿಟ್ಟರು ಅವರು. ಅತ್ತೆ ಫಕೀರವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಮೂರು ವಾರಕ್ಕೆ ಮತ್ತೆ ರಕ್ತ. ಈ ಸಲ ಸರೋಜಿನಿಯವರೇ ನನ್ನನ್ನು ಹಿಡಿದರು. ಒಂದೇ ಕೂಸು, ಎದೆ ಮಿಡಿಯುತ್ತಿತ್ತು.

"ಇನ್ನೊಂದು ಎಲ್ಲಿ ಹೋತು?" ಫಕೀರವ್ವ ಸೊಸೆಯತ್ತ ತಿರುಗಿದಳು. "ಎರಡೆರಡು ಯಾರು ಸಾಕ್ಯಾರಂತ ಗುಳಿಗಿ ನುಂಗಿದಿ, ಹೌದಿಲ್ಲ?"

"ಇಲ್ರೀ ಅತ್ತಿ. ನಾ ಏನೂ ನುಂಗಿಲ್ಲ."

"ಮತ್ತ ರಕ್ತ ಕಂಡಾಗನ ನಂಗ ಸಂಶಯ ಬಂತು, ಹೊರಗ ನಿಮ್ಮಣ್ಣನ್ನ ಕರಿಸಿ ಕುಂದ್ರಿಸೇನಿ. ಖರೇ ಹೇಳು, ಇಲ್ಲಾಂದ್ರ ಇಲ್ಲಿಂದನ ತವರಿಗೆ ನಡಿ."

ಸುವರ್ಣಾ ಮಲಗಿದಲ್ಲಿಂದಲೇ ಪರದೆಯತ್ತ ಕತ್ತು ಹೊರಳಿಸಿದಳು.

ಸರೋಜಿನಿ ಹಳೆಯ ಚಿತ್ರ ತೆಗೆದು ಹೊಸದರ ಪಕ್ಕಕ್ಕಿಟ್ಟರು. "ಇಲ್ನೋಡವಾ. ಕೂಸಿನ ಚೀಲಕ್ಕ ಸುತ್ತ ಬೆಳ್ಳಗ ಅಂಚೈತಿ. ಈ ಇನ್ನೊಂದು ಕಪ್ಪಿಗೆ ಅಂಚಿಲ್ಲ, ಚೀಲಕ್ಕ ಹತ್ತಿಕೊಂಡು ಕುಡಗೋಲಿನಂಗ ಬಾಗೇತಿ. ಇದು ಕೂಸಲ್ಲ, ಹೆಪ್ಪುಗಟ್ಟಿದ ರಕ್ತ. ಈಗ ಸಣ್ಣದಾಗೇತಿ."

ಐವತ್ತು ವರ್ಷ ಸೀರೆಯ ಅಂಚು ನೇಯ್ದ ಫಕೀರವ್ವನ ಕಣ್ಣುಗಳು ಪರದೆಗೆ ತಾಗುವಷ್ಟು ಹತ್ತಿರ ಬಂದವು.

"ಹಂಗಾರ ಅವಳಿ ಅಂದವ್ರು ಯಾರು?"

"ನಮ್ಮವ್ರ. ತಪ್ಪು ನಮ್ದು, ಈಕಿದಲ್ಲ."

"ಮೊನ್ನಿ ಸುಳ್ಳು ಹೇಳಿದ ಮಷೀನು ಇವತ್ತು ಖರೇ ಹೇಳತೈತಂತ ಹೆಂಗ ನಂಬೂದ್ರೀ ಡಾಕ್ಟರಬಾಯಾರ?"

"ನಂಬಬ್ಯಾಡ. ಎರಡು ವಾರ ಬಿಟ್ಟು ಬಾ. ನೀನ ನೋಡು."

ಬಾಗಿಲಾಚೆ ಫಕೀರವ್ವ ಸೊಸೆಯ ಅಣ್ಣನಿಗೆ ಹೇಳುವುದು ಕೇಳಿಸಿತು: "ನೀ ಊರಿಗೆ ಹೋಗಪಾ. ಈಕಿ ಇಲ್ಲೇ ಇರ್ಲಿ." ನಂಬಿ ಹೇಳಿದಳೋ, ಕಣ್ಣೆದುರಿಗೇ ಇರಲೆಂದು ಹೇಳಿದಳೋ, ನನಗೆ ತಿಳಿಯಲಿಲ್ಲ. ಸುವರ್ಣಾ ಚಪ್ಪಲಿಗೆ ಬಗ್ಗುವ ಮೊದಲೇ ಮುದುಕಿ ಅವನ್ನು ಕಾಲಿನಿಂದ ಆಕೆಯ ಮುಂದೆ ಸರಿಸಿದಳು.

ಎರಡು ವಾರದ ನಂತರ ಫಕೀರವ್ವ ಸೊಸೆಯೊಡನೆ ಬಂದು ನೋಡಿದಳು. ಕೂಸು ಬೆಳೆದಿತ್ತು, ರಕ್ತದ ಕಪ್ಪು ಕಲೆ ಗೆರೆಯಷ್ಟಾಗಿತ್ತು. ಮುಂದಿನ ಸಲ ಅದೂ ಇರಲಿಲ್ಲ.

ಈಗ ನನ್ನ ಅರ್ಧ ಹರಳುಗಳು ಸತ್ತಿವೆ. ಉಗ್ರಾಣದ ಕಪಾಟಿನಲ್ಲಿ ಮಲಗಿದ್ದೇನೆ. ಯಂತ್ರದಲ್ಲಿ ಜಾಗ ತುಂಬಿದಾಗಲೆಲ್ಲ ಹಳೆಯ ಚಿತ್ರಗಳನ್ನು ಅಳಿಸುವುದು ವಾಡಿಕೆ. ಸುವರ್ಣಾಳ ಮೊದಲ ಚಿತ್ರ ಅಂದಿನವರೆಗೆ ಉಳಿದದ್ದು ಆಕಸ್ಮಿಕ; ಅದಿಲ್ಲದಿದ್ದರೆ ಆಕೆಯ ಮಾತಿಗೆ ಸಾಕ್ಷಿಯೇ ಇರುತ್ತಿರಲಿಲ್ಲ. ಚಿತ್ರ ಅಳಿಸಿಹೋದ ಹೆಂಗಸರಲ್ಲಿ ಎಷ್ಟು ಜನ ತಲೆ ತಗ್ಗಿಸಿ ತವರಿನ ಬಸ್ಸು ಹತ್ತಿದರೋ!