ಸೊನ್ನೆ ತೋರಿಸಿದ ಪುಡಿ

ತಂಗಿಯ ಮೇಲೆ ಹೊಟ್ಟೆಕಿಚ್ಚು ಪಡಬಾರದು ಎಂದು ಬುದ್ಧಿ ಹೇಳುವವರಿಗೆ ತಂಗಿ ಇರುವುದಿಲ್ಲ. ಇದ್ದರೂ ಒಂದೇ ಆಫೀಸಿನಲ್ಲಿ ಇರುವುದಿಲ್ಲ. ಕುಡಿಯುವ ನೀರು ಪರೀಕ್ಷಿಸುವ ಲ್ಯಾಬಿಗೆ ತಂಗಿ ಪುಟ್ಟಿಯನ್ನು ಕೈಹಿಡಿದು ಕರೆತಂದವಳು ಅಕ್ಕನೇ. ಈಗ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಅವರ ಕುರ್ಚಿಯ ಮೇಲೆ ಅಕ್ಕ ಕಣ್ಣಿಟ್ಟು ವರ್ಷಗಳಾಗಿದ್ದವು. ಮುಖ್ಯಸ್ಥರ ಬಾಯಲ್ಲಿ ಮಾತ್ರ ಮೂರು ಹೊತ್ತೂ ಪುಟ್ಟಿಯದೇ ಜಪ. ಅಕ್ಕನಿಗೆ ಮೈಯೆಲ್ಲ ಉರಿ.

ಅಂಥ ಹೊತ್ತಿನಲ್ಲಿ ಹೊಸ ಕೈಪಿಡಿಯೊಂದನ್ನು ತಿರುವಿ ಹಾಕುವಾಗ ತಂಗಿಯ ತಪ್ಪೊಂದು ಅಕ್ಕನಿಗೆ ಹೊಳೆಯಿತು. ನೀರಿಗೆ ಬೆರೆಸಿದ ಕ್ಲೋರಿನ್ ಕ್ರಿಮಿಗಳನ್ನು ಕೊಂದು ಸುಮ್ಮನಾಗುವುದಿಲ್ಲ. ಕೊಳೆತ ಎಲೆಯ ಅಂಶದ ಜೊತೆ ಕೂಡಿ ಬೇಡದ ವಸ್ತುಗಳನ್ನು ಹುಟ್ಟಿಸುತ್ತದೆ. ಬಾಟಲಿಯೊಳಗೂ ಆ ಕೆಲಸ ಮುಂದುವರಿಯಬಾರದೆಂದು ಚಿಟಿಕೆ ಸಲ್ಫೈಟ್ ಪುಡಿ ಹಾಕುವುದು ಪುಟ್ಟಿಯ ರೂಢಿ. ಹಾಗೆ ಹುಟ್ಟುವವುಗಳಲ್ಲಿ ಕ್ಲೋರೋಫಾರ್ಮ್ ಆ ಪುಡಿಗೆ ಜಗ್ಗದು. ಅಸಿಟೊನೈಟ್ರೈಲ್ ಗುಂಪಿನವು ಹಾಗಲ್ಲ, ಬಲು ನಾಜೂಕು; ಪುಡಿ ತಾಗಿದರೆ ಯಂತ್ರ ಮುಟ್ಟುವ ಮೊದಲೇ ಒಡೆದುಹೋಗುತ್ತವೆ. ಪುಟ್ಟಿಯ ವರದಿಯಲ್ಲಿ ಅವು ಎಲ್ಲ ಬಡಾವಣೆಗಳಲ್ಲೂ ಸೊನ್ನೆ. ನೀರು ಅಷ್ಟು ಶುದ್ಧ ಎಂದು ಮುಖ್ಯಸ್ಥರು ಹಿರಿಹಿರಿ ಹಿಗ್ಗಿದ್ದರು.

ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷ. ಊಟದ ಮೇಜಿನಲ್ಲಿ ತಂಗಿ ಪಕ್ಕದಲ್ಲೇ ಕೂತಿದ್ದಳು, ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನಾಳೆಯ ಸಭೆಯಲ್ಲಿ ಎಲ್ಲರೆದುರು ಮುಖಭಂಗವಾಗಲಿ ಎಂದುಕೊಂಡು ನಗುನಗುತ್ತಾ ಉಪ್ಪು ಬಡಿಸಿದಳು.

ಪುಟ್ಟಿ ವರದಿ ಓದಿ ಮುಗಿಸುವುದೇ ತಡ, ಅಕ್ಕ ಎದ್ದಳು. "ಸಾರ್, ಈ ಸೊನ್ನೆಗಳೆಲ್ಲ ಬೋಗಸ್ಸು. ಇವಳು ಬಾಟಲಿಗೆ ಹಾಕೋ ಪುಡೀನೇ ಎಲ್ಲಾನೂ ತಿಂದುಹಾಕಿದೆ. ನಿಜವಾಗಿ ಎಷ್ಟಿತ್ತೋ ಯಾರಿಗ್ಗೊತ್ತು?"

ಮುಖ್ಯಸ್ಥರ ಮುಖ ಕಪ್ಪಿಟ್ಟಿತು. ಪುಟ್ಟಿಯತ್ತ ತಿರುಗಿದರು. "ಈ ಪುಡಿ ಹಾಕೋಕೆ ಹೇಳಿಕೊಟ್ಟಿದ್ದು ಯಾರಮ್ಮಾ?"

ಆಗ ಅಕ್ಕನಿಗೆ ನೆನಪಾಯಿತು. ಪುಟ್ಟಿ ಕೆಲಸಕ್ಕೆ ಬಂದ ಮೊದಲ ದಿನ ಅವಳ ಮಣಿಕಟ್ಟು ಹಿಡಿದು, ಇಷ್ಟೇ ಚಿಟಿಕೆ ಕಣೇ, ಎಂದು ಬಾಟಲಿಗೆ ಪುಡಿ ಉದುರಿಸಿದ್ದವಳು ತಾನೇ. ಅದಕ್ಕೂ ಹಿಂದಿನ ವರದಿಗಳ ಸೊನ್ನೆಗಳೆಲ್ಲ ತನ್ನವೇ. ಹೊಟ್ಟೆಕಿಚ್ಚಿನ ಭರದಲ್ಲಿ ಇಷ್ಟು ದೊಡ್ಡ ಸಂಗತಿ ಮರೆತೇಹೋಗಿತ್ತು.

ಪುಟ್ಟಿ ಒಂದೇ ಒಂದು ಸಲ ಅಕ್ಕನತ್ತ ನೋಡಿದಳು.

"ಯಾರೂ ಇಲ್ಲ ಸಾರ್. ನನ್ನದೇ ತಪ್ಪು. ಎಲ್ಲಾ ಕಡೆಯಿಂದ ಮತ್ತೆ ನೀರು ತರಿಸಿ ನೋಡ್ತೀನಿ."

ಎದ್ದು ನಿಂತಿದ್ದ ಅಕ್ಕ ಹಾಗೇ ಕೂತುಬಿಟ್ಟಳು. ಸಂಜೆಯೊಳಗೆ ಕುರ್ಚಿ ಅವಳದೆಂದು ತೀರ್ಮಾನವಾಯಿತು, ಎಲ್ಲರೂ ಬಂದು ಕೈಕುಲುಕಿದರು. ಕಿಚ್ಚು ಮಾತ್ರ ಆರಲಿಲ್ಲ, ಇನ್ನಷ್ಟು ಹತ್ತಿಕೊಂಡಿತು. ಜಾಣತನ ಹೋಗಲಿ, ಒಳ್ಳೆಯತನದಲ್ಲೂ ಇವಳೇ ಮೇಲಾಗಬೇಕೇ?

ಲ್ಯಾಬಿನ ಸಿಂಕಿನ ಹತ್ತಿರ ಪುಟ್ಟಿ ಬಾಟಲಿಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ಅಕ್ಕ ಬಂದದ್ದು ಗೊತ್ತಾದರೂ ತಿರುಗಲಿಲ್ಲ.

"ಹಾಗಾದ್ರೆ ಯಾವ ಪುಡಿ ಹಾಕ್ಬೇಕು, ಅಕ್ಕ?" ಎಂದಳು. "ಈ ಸಲ ಸರಿಯಾಗಿ ಹೇಳಿಕೊಡು."