ಅತ್ತಿಗೆಯ ಕಂಪ್ಯೂಟರಿಗೊಂದು ಆಂಟಿವೈರಸ್

1
ಹೇಗೆ ಶುರು ಮಾಡಲಿ? ‘ಮನೆ ಕಂಪ್ಯೂಟರಿಗೆ ಯಾವ ಆಂಟಿವೈರಸ್ ಒಳ್ಳೆಯದು?’ ಅಂದರೆ ನೀವು ಪುಟ ತಿರುಗಿಸುತ್ತೀರಿ. ‘ಅಣ್ಣ ತೀರಿಕೊಂಡು ಎಂಟು ತಿಂಗಳಾಗಿತ್ತು’ ಅಂದರೆ ಕರ್ಚೀಫು ಹುಡುಕುತ್ತೀರಿ. ಎರಡೂ ನಿಜ. ನಿನ್ನೆ, ಭಾನುವಾರ, ನಾನು ಅತ್ತಿಗೆಯ ಮನೆಗೆ ಹೋದದ್ದು ಆಂಟಿವೈರಸ್ ಹಾಕಿಕೊಡಲು.

2
ಅತ್ತಿಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವವರು. ಬೆಳಿಗ್ಗೆ ಒಂಬತ್ತಕ್ಕೆ ಮನೆಗೆ ಬೀಗ ಹಾಕಿದರೆ ತೆಗೆಯುವುದು ಸಂಜೆ ಆರಕ್ಕೆ. ಕಂಪ್ಯೂಟರ್ ಮಾತ್ರ ಆಫ್ ಮಾಡುವ ಅಭ್ಯಾಸವಿಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲ. (ಈ ಕೊನೆಯ ವಾಕ್ಯವನ್ನು ಮೂರು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ.)

ನಾನು ಎರಡು ಆಂಟಿವೈರಸ್ ಆರಿಸಿಟ್ಟಿದ್ದೆ. ಒಂದು, ಅನುಮಾನ ಬಂದದ್ದನ್ನು ತಾನೇ ಅಳಿಸಿಬಿಡುತ್ತದೆ. ಇನ್ನೊಂದು, ಪ್ರತಿ ಸಲವೂ ನಮ್ಮನ್ನು ಕೇಳುತ್ತದೆ. ಎರಡನೆಯದನ್ನು ಸುಮ್ಮನೆ ಓಡಿಸಿ ನೋಡಿದೆ. ಅದು ಒಂದು ಪುಟ್ಟ ಪ್ರೋಗ್ರಾಮನ್ನು ಹಿಡಿಯಿತು: ದಿನಾ ಮಧ್ಯಾಹ್ನ ಮೂರಕ್ಕೆ ಒಂದು ನಿಮಿಷ ಮೈಕ್ ಆನ್ ಮಾಡಿ ರೆಕಾರ್ಡ್ ಮಾಡುತ್ತಿದೆ.

‘ಅದು ನಿಮ್ಮಣ್ಣ ಹಾಕಿದ್ದು,’ ಅಂದರು ಅತ್ತಿಗೆ. ‘ಪಕ್ಕದ ಮನೆ ನಾಯಿ ಬೊಗಳೋದಕ್ಕೆ ಸಾಕ್ಷಿ ಬೇಕಿತ್ತಂತೆ.’

ಶುಕ್ರವಾರದ ರೆಕಾರ್ಡಿಂಗ್ ಹಾಕಿ ಕೇಳಿದೆ. ನಾಯಿ ಇರಲಿಲ್ಲ. ಕುರ್ಚಿ ಎಳೆದ ಸದ್ದು. ಆಮೇಲೆ, ತೀರಾ ಹತ್ತಿರದಲ್ಲಿ, ಒಂದು ಕೆಮ್ಮು.

ಗುರುವಾರದ್ದರಲ್ಲೂ ಇತ್ತು. ಬುಧವಾರದ್ದರಲ್ಲೂ.

3
ಅಲ್ಲೇ ಕೂತು ಒಂದು ಪ್ಯಾರಾ ಗೀಚಿದೆ (ಬರೆಯುವವರಿಗೆ ನಾಚಿಕೆಯಿಲ್ಲ): ಸತ್ತ ಗಂಡನ ಕೆಮ್ಮು, ಹೆಂಡತಿಯ ಕಣ್ಣೀರು, ಸಾವನ್ನೂ ಮೀರಿದ ದಾಂಪತ್ಯ ಇತ್ಯಾದಿ. ಚೆನ್ನಾಗಿಯೇ ಬಂದಿತ್ತು. ಅತ್ತಿಗೆ ಹೆಗಲ ಮೇಲಿಂದ ಇಣುಕಿ ಓದಿದರು.

‘ಹೊಡೆದುಹಾಕು. ಇಪ್ಪತ್ತಾರು ವರ್ಷ ಅವರ ಕೆಮ್ಮು ಕೇಳಿದೀನಿ. ಇದು ಅವರದ್ದಲ್ಲ.’

ಬೀಗ, ಕಿಟಕಿ, ಅಟ್ಟ ಎಲ್ಲ ನೋಡಿದೆವು. ಎಲ್ಲ ಸರಿಯಾಗಿದ್ದವು.

‘ಮೊದಲನೇದನ್ನೇ ಹಾಕ್ತೀನಿ ಅತ್ತಿಗೆ. ಎಲ್ಲ ಅಳಿಸಿಬಿಡುತ್ತೆ.’

‘ಅಳಿಸಿದ್ರೆ ಕೆಮ್ಮೋದು ನಿಲ್ಲುತ್ತಾ? ನಮಗೆ ಕೇಳಿಸೋದು ನಿಲ್ಲುತ್ತೆ, ಅಷ್ಟೆ. ಕೇಳೋದನ್ನೇ ಹಾಕು.’

ಹಾಕಿಕೊಟ್ಟೆ.

4
ಎರಡು ಮುಕ್ತಾಯ ಬರೆದಿಟ್ಟಿದ್ದೇನೆ. ಒಂದರಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ (ನಿಮಗೆ ನೆಮ್ಮದಿ). ಇನ್ನೊಂದರಲ್ಲಿ ರೆಕಾರ್ಡಿಂಗಿನ ತಾರೀಖೇ ತಪ್ಪಾಗಿರುತ್ತದೆ (ನನಗೆ ನೆಮ್ಮದಿ). ಅತ್ತಿಗೆ ಎರಡನ್ನೂ ಒಪ್ಪಲಿಲ್ಲ. ಇವತ್ತು, ಸೋಮವಾರ, ರಜೆ ಹಾಕಿ, ಒಳಗಿಂದ ಚಿಲಕ ಹಾಕಿಕೊಂಡು ಕೂತಿದ್ದಾರೆ. ನಾನೂ ಬರ್ತೀನಿ ಅಂದಿದ್ದಕ್ಕೆ, ‘ಬೇಡ, ನೀನು ಬಂದ್ರೆ ಕಥೆ ಕಟ್ತೀಯ’ ಅಂದರು.

ಈಗ ಮೂರು ಗಂಟೆ ಎರಡು ನಿಮಿಷ. ಅತ್ತಿಗೆಯ ಫೋನ್ ಬಂದಿದೆ. ‘ಮಾತಾಡಬೇಡ,’ ಅಂದರು ಪಿಸುದನಿಯಲ್ಲಿ. ಆಮೇಲೆ ನನಗಲ್ಲ, ಬೇರೆ ಯಾರಿಗೋ, ಮೆಲ್ಲಗೆ: ‘ಹೆದರಬೇಡಿ.’

ಮುಂದೇನು ಅಂತ ನನ್ನನ್ನು ಕೇಳಬೇಡಿ. ನಾನಿನ್ನೂ ಕೇಳಿಸಿಕೊಳ್ಳುತ್ತಿದ್ದೇನೆ.